ಹೆಂಚಿನ ಕಾರ್ಖಾನೆಯ ಅಮ್ಮಂದಿರು

ಮೇಸ್ತ್ರಿ ಅಶ್ವತ್ಥಪ್ಪ ಮೊದಲು ಕೂಗಿದ ಹೆಸರೇ ಅಮ್ಮನದು.

“ಮುನಿಶಾಮಮ್ಮ.”

ಆದಿಲಕ್ಷ್ಮಿ ಕಾರ್ಖಾನೆಯ ಗೇಟಿನ ಹೊರಗೆ ಬುತ್ತಿ ಹಿಡಿದು ನಿಂತಿದ್ದಳು. ಸ್ಕೂಲಿನಲ್ಲಿ ಊಟದ ಬೆಲ್ ಹೊಡೆದ ಕೂಡಲೇ ಮನೆಗೆ ಓಡಿ, ಅಮ್ಮನಿಗೆ ಮುದ್ದೆ ತಂದುಕೊಡುವುದು ಅವಳ ಕೆಲಸ. ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ ಅವಳು ಒಳಗೆ ನೋಡಿದಳು.

“ಸುಗ್ರಾ,” ಎಂದ ಮೇಸ್ತ್ರಿ. ಸುಗ್ರಾ ಎಂದರೆ ಆದಿಲಕ್ಷ್ಮಿಯ ಗೆಳತಿ ಅಜ್ರಾಳ ತಾಯಿ. ಆಮೇಲೆ ಇನ್ನೂ ಇಬ್ಬರ ಹೆಸರು ಕೂಗಿದ. “ನೀವು ನಾಲ್ಕು ಜನ ನಾಳೆಯಿಂದ ಬರ್ಬೇಡಿ. ಕೆಲ್ಸ ಇಲ್ಲ.”

ಕೆಲಸ ಇಲ್ಲವೇ? ಚಪ್ಪರದ ಕೆಳಗೆ ಹಸಿ ಹೆಂಚುಗಳು ಕಣ್ಣು ಹಾಯುವಷ್ಟು ದೂರ ಸಾಲಾಗಿ ನಿಂತಿದ್ದವು. ಒಣಗಿದವನ್ನು ಹೆಂಗಸರೇ ತಲೆಯ ಮೇಲೆ ಹೊತ್ತು ಸುಡುವ ಗೂಡಿಗೆ ತುಂಬಬೇಕು. ಅಷ್ಟು ಕೆಲಸ ಕಣ್ಣೆದುರೇ ಇತ್ತು.

ಅಮ್ಮ ತೊಟ್ಟಿಯಲ್ಲಿ ಕೈ ತೊಳೆದಳು. ತಲೆಯ ಮೇಲಿನ ಸಿಂಬಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಕೆಸರು ಮೆತ್ತಿದ ಕಾಲಲ್ಲೇ ಮಗಳ ಪಕ್ಕ ನಡೆದಳು.

ಆ ನಾಲ್ಕು ಜನರನ್ನೇ ಏಕೆ ಕರೆದರು ಎಂಬುದು ಆದಿಲಕ್ಷ್ಮಿಗೆ ಗೊತ್ತಿತ್ತು. ನಾಲ್ವರೂ ಬಸುರಿಯರು. ಅಮ್ಮನ ವಿಷಯ ಮೇಸ್ತ್ರಿಗೆ ಹೇಳಿದವಳು ಅವಳೇ.

ಆಗ ಮೈಸೂರು ಸೀಮೆಯಲ್ಲಿ ಮಹಾರಾಜರ ಆಡಳಿತ. ಅವರ ಸರ್ಕಾರ ಒಂದು ಹೊಸ ಕಾನೂನು ತಂದಿತ್ತು. ಮಾಲೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಭಾರತಮ್ಮ ಟೀಚರ್ ಪೇಪರಿನಿಂದ ಅದನ್ನು ಓದಿ ಹೇಳಿದ್ದರು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸು ಬಸುರಿಯಾದರೆ ಹೆರಿಗೆಗೆ ಮುಂಚೆ ಕೆಲವು ವಾರ, ಆಮೇಲೆ ಕೆಲವು ವಾರ ಮನೆಯಲ್ಲಿ ಇರಬಹುದು. ಆ ದಿನಗಳಿಗೂ ಅವಳಿಗೆ ದುಡ್ಡು ಸಿಗಬೇಕು.

ಕ್ಲಾಸಿನಲ್ಲಿ ಆದಿಲಕ್ಷ್ಮಿ ಕಣ್ಣರಳಿಸಿ ಕುಳಿತಿದ್ದಳು. ಮೈಸೂರು ಎಲ್ಲಿ, ಮಾಲೂರು ಎಲ್ಲಿ. ಅಷ್ಟು ದೂರದ ದೊಡ್ಡವರು ತನ್ನ ಅಮ್ಮನ ಹೊಟ್ಟೆಯಲ್ಲಿರುವ ಪಾಪುವಿನ ಬಗ್ಗೆ ಮಾತಾಡಿದರೇ? ಅವತ್ತೇ ಬುತ್ತಿ ಕೊಡಲು ಹೋದಾಗ, ಸ್ಕೂಲಲ್ಲಿ ಏನು ಕಲಿತೆ ಎಂದು ಮೇಸ್ತ್ರಿ ಸುಮ್ಮನೆ ಕೇಳಿದ್ದ. ಅವಳು ಜಂಬದಿಂದ ಎಲ್ಲವನ್ನೂ ಒಪ್ಪಿಸಿದ್ದಳು. ನಮ್ಮಮ್ಮನಿಗೂ ರಜ ಸಿಗುತ್ತದೆ ಎಂದಿದ್ದಳು. ಮೇಸ್ತ್ರಿ ನಕ್ಕು ಅವಳ ತಲೆ ಸವರಿದ್ದ.

ರೈಲು ಕಂಬಿ ದಾಟುವಾಗ ಅವಳಿಗೆ ತಡೆಯಲಾಗಲಿಲ್ಲ. ಅಳುತ್ತಲೇ ಅಮ್ಮನಿಗೆ ಎಲ್ಲಾ ಹೇಳಿದಳು. ಬೆನ್ನಿಗೆ ಒಂದು ಗುದ್ದು ಬೀಳುತ್ತದೆಂದು ಕಾದಳು.

ಅಮ್ಮ ನಿಂತು ಅವಳ ಮೂಗು ಒರೆಸಿದಳು. “ಹೊಟ್ಟೆ ಎಷ್ಟು ದಿನ ಬಚ್ಚಿಡೋಕಾಗ್ತದೆ? ಇವತ್ತಲ್ಲ ನಾಳೆ ಕಾಣ್ತಿತ್ತು. ಬಿಡು,” ಎಂದಳು.

ಅಷ್ಟು ಹೇಳಿ ಮನೆಗೆ ಬಂದ ಅಮ್ಮ ಬುತ್ತಿ ಬಿಚ್ಚಲೇ ಇಲ್ಲ.

ಆದಿಲಕ್ಷ್ಮಿ ಮಧ್ಯಾಹ್ನದ ಕ್ಲಾಸಿಗೆ ಹೋದಳಾದರೂ ಅವಳಿಗೆ ಯಾವ ಲೆಕ್ಕವೂ ತಲೆಗೆ ಹತ್ತಲಿಲ್ಲ. ಸ್ಕೂಲು ಬಿಟ್ಟಮೇಲೆ ಟೀಚರ ಮುಂದೆ ಹೋಗಿ ನಿಂತಳು. ಕಾನೂನು ಇದ್ದರೂ ಅಮ್ಮನನ್ನು ಏಕೆ ಬಿಡಿಸಿದರು ಎಂದು ಕೇಳಿದಳು. ಭಾರತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಕಾನೂನು ಮೈಸೂರಿಂದ ತಾನಾಗೇ ನಡ್ಕೊಂಡು ಬರಲ್ಲ ಕಣೇ,” ಎಂದರು. “ಯಾರಾದ್ರೂ ಹೋಗಿ ಕರ್ಕೊಂಡು ಬರ್ಬೇಕು. ನಡಿ, ನಿಮ್ಮ ಕೇರಿಗೆ ನಾನೂ ಬರ್ತೀನಿ.”

ಟೀಚರ್ ಕೇರಿಗೆ ಬಂದದ್ದು ಅದೇ ಮೊದಲು. ಸಂಜೆ ಕೆಲಸ ಬಿಟ್ಟು ಬಂದ ಹೆಂಗಸರೆಲ್ಲಾ ಬಾವಿಯ ಹತ್ತಿರ ಸೇರಿದ್ದರು. ಯಾರೋ ಟೀಚರಿಗೆ ಚಾಪೆ ಹಾಸಿದರು. ಅವರು ಬೇಡವೆಂದು ಬಾವಿಕಟ್ಟೆಯ ಮೇಲೇ ಕುಳಿತರು. ಮನೆಯಲ್ಲಿ ಕೂರಿಸಿ ದುಡ್ಡು ಕೊಡಬೇಕಾಗುತ್ತದೆ ಎಂಬ ಕಾರಣಕ್ಕೆ ಬಸುರಿಯನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ ಎಂದು ಬಿಡಿಸಿ ಹೇಳಿದರು. ಅದಕ್ಕೇ ಮೇಸ್ತ್ರಿ ಜಾಣತನ ಮಾಡಿದ್ದಾನೆ. ಬಸುರಿಯರೆಂದು ಗೊತ್ತೇ ಇರಲಿಲ್ಲ, ಕೆಲಸವಿಲ್ಲದ್ದಕ್ಕೆ ಬಿಡಿಸಿದೆ ಎನ್ನುತ್ತಾನೆ. ಕಾರ್ಖಾನೆಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಇನ್ಸ್‌ಪೆಕ್ಟರಿಗೆ ಬರೆಯಬಹುದು. ಅವರು ಬರುವುದು ಯಾವಾಗಲೋ.

ಆದಿಲಕ್ಷ್ಮಿಯ ಅಪ್ಪ ಗಂಗುಲಪ್ಪ ಕೆರೆಯಿಂದ ಕಾರ್ಖಾನೆಗೆ ಜೇಡಿಮಣ್ಣು ಹೊಡೆಯುವ ಗಾಡಿಯವನು. ಕಾರ್ಖಾನೆಯ ಮಾಲೀಕರಾದ ಸಾಹುಕಾರರ ಎದುರು ನಿಂತರೆ ಇರುವ ಕೆಲಸವೂ ಹೋಗುತ್ತದೆ ಎಂದು ಅವನು ಹೆದರಿದ. ಅದು ಸುಳ್ಳೂ ಆಗಿರಲಿಲ್ಲ. ಹೆಂಗಸರು ತಲೆ ತಗ್ಗಿಸಿದರು.

ಚಿಕ್ಕಗಂಗಮ್ಮ ಒಬ್ಬಳು ತಗ್ಗಿಸಲಿಲ್ಲ. ಕಾರ್ಖಾನೆಯ ಹೆಂಗಸರಲ್ಲೆಲ್ಲಾ ಅವಳೇ ಹಿರಿಯಳು. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಮಾತ್ರ ಕೊರತೆಯಿಲ್ಲ. ಅಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸಿ ಅವಳು ಕೇಳಿದಳು. “ಅವನಿಗೆ ಗೊತ್ತಿರಲಿಲ್ಲ ಅಂತಾನಾ? ಹಂಗಾದ್ರೆ ಗೊತ್ತು ಮಾಡೋಣ. ಆದ್ರೆ ಯಾರು ಅಂತ ಮಾತ್ರ ಗೊತ್ತಾಗ್ಬಾರ್ದು.”

ಹೆಂಗಸರು ಅವಳ ಸುತ್ತ ಬಗ್ಗಿದರು. ಅಜ್ಜಿ ಏನು ಪಿಸುಗುಟ್ಟಿದಳೋ ಆದಿಲಕ್ಷ್ಮಿಗೆ ಕೇಳಿಸಲಿಲ್ಲ. ಒಮ್ಮೆಲೇ ಎಲ್ಲರೂ ನಕ್ಕರು. ಅಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಅಜ್ಜಿ ಆದಿಲಕ್ಷ್ಮಿ, ಅಜ್ರಾ ಇಬ್ಬರನ್ನೂ ಕರೆದು, ಮನೆಮನೆಗೂ ಹೋಗಿ ಹಳೇ ಬಟ್ಟೆ ಕೇಳಿ ತರಲು ಹೇಳಿದಳು.

“ಯಾತಕ್ಕಜ್ಜಿ?” ಎಂದಳು ಅಜ್ರಾ.

“ನಾಳೆ ನೋಡ್ತೀಯಂತೆ, ಹೋಗೇ.”

ಇಬ್ಬರೂ ಕತ್ತಲಾಗುವವರೆಗೆ ಓಡಾಡಿ ಹರಿದ ಸೀರೆ, ಹಳೆಯ ಪಂಚೆ, ತೂತು ಬಿದ್ದ ಗೋಣಿಚೀಲ, ಸಿಕ್ಕಿದ್ದನ್ನೆಲ್ಲಾ ತಂದು ಸುರಿದರು.

ಬೆಳಿಗ್ಗೆ ಮಾಲೂರಿನ ಮೇಲೆ ಮಂಜು ಕವಿದಿತ್ತು. ಆದಿಲಕ್ಷ್ಮಿ, ಅಜ್ರಾ ಕೈ ಕೈ ಹಿಡಿದು ಗೇಟಿನ ಎದುರಿನ ಹೊಂಗೆಮರದ ಕೆಳಗೆ ನಿಂತಿದ್ದರು. ಕಾರ್ಖಾನೆಯ ಎತ್ತರದ ಚಿಮಣಿ ಅರ್ಧ ಮಾತ್ರ ಕಾಣುತ್ತಿತ್ತು.

ಮೊದಲು ಕೇಳಿಸಿದ್ದು ಹೆಜ್ಜೆ ಸದ್ದು. ಆಮೇಲೆ ಮಂಜಿನೊಳಗಿಂದ ಚಿಕ್ಕಗಂಗಮ್ಮ ಬಂದಳು. ಅವಳ ಹೊಟ್ಟೆ ದೊಡ್ಡ ಕುಂಬಳಕಾಯಿಯ ಹಾಗೆ ಮುಂದೆ ಬಂದಿತ್ತು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟುಕೊಂಡು ತುಂಬಿದ ಬಸುರಿಯಂತೆ ಮೆಲ್ಲಗೆ ನಡೆಯುತ್ತಿದ್ದಳು.

ಅಜ್ರಾ ಕಿಸಕ್ಕೆಂದು ನಕ್ಕಳು.

ಅಜ್ಜಿಯ ಹಿಂದೆ ಮುತ್ಯಾಲಮ್ಮ ಬಂದಳು. ಮೊನ್ನೆ ಮೊನ್ನೆ ಮದುವೆಯಾದವಳು, ಅವಳಿಗೂ ಹೊಟ್ಟೆ. ಅವಳ ಹಿಂದೆ ಅವಳ ಅತ್ತೆ, ಅವರಿಗೂ ಹೊಟ್ಟೆ. ಆಮೇಲೆ ಇಬ್ಬಿಬ್ಬರಾಗಿ, ಮೂವರು ಮೂವರಾಗಿ ಬಂದರು. ಕಡ್ಡಿಯಂಥವರು, ದಪ್ಪಗಿನವರು, ಕೂದಲು ನೆರೆತವರು. ಎಲ್ಲರ ಸೀರೆಯ ಕೆಳಗೂ ದುಂಡಗಿನ ಹೊಟ್ಟೆ. ಯಾರೂ ಮಾತಾಡುತ್ತಿರಲಿಲ್ಲ. ಮಂಜಿನಿಂದ ಜನ ಬರುತ್ತಲೇ ಇದ್ದರು.

ಹುಡುಗಿಯರ ನಗು ತಾನಾಗಿ ನಿಂತಿತು. ಅಮ್ಮ ಎಲ್ಲಿ ಎಂದು ಆದಿಲಕ್ಷ್ಮಿ ಹುಡುಕಿದಳು. ಒಂದು ಕ್ಷಣ ಅವಳಿಗೆ ಅಮ್ಮನ ಗುರುತೇ ಸಿಗಲಿಲ್ಲ. ಅಲ್ಲಿದ್ದವರೆಲ್ಲಾ ಅಮ್ಮನ ಹಾಗೇ ಇದ್ದರು.

ಅಷ್ಟರಲ್ಲಿ ಬೆಂಗಳೂರಿನ ಪ್ಯಾಸೆಂಜರ್ ರೈಲು ಪಕ್ಕದ ಸ್ಟೇಷನ್ನಿಗೆ ಬಂತು. ಕಿಟಕಿಗಳಿಂದ ತಲೆಗಳು ಹೊರಬಂದವು. ಗೂಡಿನ ಪಕ್ಕ ಸೌದೆ ಜೋಡಿಸುತ್ತಿದ್ದ ಗಂಡಸರು ಮೊದಲು ಹೋ ಎಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಒಬ್ಬ ಮುದುಕ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಪ್ಪ ಮಣ್ಣಿನ ಗಾಡಿಯಿಂದ ಇಳಿದು ಎತ್ತುಗಳ ಪಕ್ಕ ನಿಂತ.

ಮೇಸ್ತ್ರಿ ಗೇಟಿನಲ್ಲಿ ಅತ್ತ ಇತ್ತ ನೋಡಿದ. ಯಾರನ್ನು ಒಳಗೆ ಬಿಡುವುದು, ಯಾರನ್ನು ತಡೆಯುವುದು ಅವನಿಗೆ ತಿಳಿಯಲಿಲ್ಲ.

“ಇದೇನು ನಾಟ್ಕ?” ಎಂದ.

“ನಾವೆಲ್ಲಾ ಬಸುರಿಯರು ಅಶ್ವತ್ಥಪ್ಪ,” ಎಂದಳು ಚಿಕ್ಕಗಂಗಮ್ಮ. “ಈಗ ನಿನಗೆ ಗೊತ್ತಾಯ್ತಲ್ಲ. ಬಿಡಿಸೋದಾದ್ರೆ ಎಲ್ಲಾರ್ನೂ ಬಿಡಿಸು.”

ಸಾಹುಕಾರರ ಜಟಕಾ ಬಂದು ನಿಂತಿತು. ಅವರು ಇಳಿದು, ಆ ಹೆಂಗಸರನ್ನು ನೋಡಿ ಹಾಗೇ ನಿಂತುಬಿಟ್ಟರು. “ಏಮಿರಾ ಇದಿ?” ಎಂದು ತೆಲುಗಿನಲ್ಲಿ ಮೇಸ್ತ್ರಿಯನ್ನು ಗದರಿದರು. ಆ ನಾಲ್ವರನ್ನು ಬೆರಳಿಟ್ಟು ತೋರಿಸಿದರೆ, ಬಸುರಿಯರೆಂದು ಗೊತ್ತಿದ್ದೇ ಬಿಡಿಸಿದೆನೆಂದು ಎಲ್ಲರೆದುರು ಒಪ್ಪಿಕೊಂಡ ಹಾಗೆ, ಮೇಸ್ತ್ರಿ ತಲೆ ಕೆರೆದುಕೊಂಡ. ಇವರಲ್ಲಿ ನಿಜವಾದ ಬಸುರಿಯರು ಯಾರು, ಮುಂದೆ ಬನ್ನಿ ಎಂದು ಸಾಹುಕಾರರೇ ಕೇಳಿದರು. ಒಬ್ಬಳೂ ಕದಲಲಿಲ್ಲ. ಒಬ್ಬಳೂ ಪಕ್ಕದವಳ ಕಡೆ ತಿರುಗಿಯೂ ನೋಡಲಿಲ್ಲ.

ಮಂಜು ಕರಗಿ ಬಿಸಿಲು ಬಂತು. ಗೂಡಿನಲ್ಲಿ ಅರ್ಧ ಮಾತ್ರ ಹೆಂಚು ತುಂಬಿತ್ತು. ಉಳಿದದ್ದನ್ನು ತುಂಬದೆ ಬೆಂಕಿ ಹಾಕುವಂತಿಲ್ಲ. ಸಾಹುಕಾರರು ಗೂಡನ್ನು ನೋಡಿದರು, ಹೆಂಗಸರನ್ನು ನೋಡಿದರು, ಮತ್ತೆ ಗೂಡನ್ನು ನೋಡಿದರು. ಕೊನೆಗೆ ಕಿರಿಕಿರಿಯಿಂದ ಕೈಬೀಸಿ, “ಎಲ್ಲಾರೂ ಒಳಗೆ ಹೋಗಿ,” ಎಂದರು.

ಗೇಟು ತೆರೆಯಿತು. ಹೆಂಗಸರು ಜೈಕಾರ ಹಾಕಲಿಲ್ಲ. ಹೊಟ್ಟೆಯ ಬಟ್ಟೆ ತೆಗೆಯಲೂ ಇಲ್ಲ. ಬಂದ ಹಾಗೇ ಒಳಗೆ ಹೋದರು. ಸುಗ್ರಾಳ ಭುಜ ಹಿಡಿದುಕೊಂಡು ಅಮ್ಮ ಗೇಟು ದಾಟಿದ್ದನ್ನು ಆದಿಲಕ್ಷ್ಮಿ ಈಗ ಕಂಡಳು.

ಮಧ್ಯಾಹ್ನ ಅವಳು ಬುತ್ತಿ ತಂದಾಗಲೂ ಅವರೆಲ್ಲಾ ಹಾಗೇ ಇದ್ದರು. ತಲೆಯ ಮೇಲೆ ಹೆಂಚಿನ ಸಾಲು, ಮುಂದೆ ಬಟ್ಟೆಯ ಹೊಟ್ಟೆ, ಬೆವರಿಳಿಯುವ ಮುಖ. ಚಿಕ್ಕಗಂಗಮ್ಮನ ಹೊಟ್ಟೆ ಸ್ವಲ್ಪ ಎಡಕ್ಕೆ ಜಾರಿತ್ತು. ಅವಳು ಅದನ್ನು ಸರಿಮಾಡಿಕೊಂಡು ಮತ್ತೆ ಹೆಂಚಿಗೆ ಬಗ್ಗಿದಳು. ಆದಿಲಕ್ಷ್ಮಿಗೆ ನಗು ಬರಲಿಲ್ಲ. ಗುಡಿಯ ಮುಂದೆ ನಿಂತಾಗ ಆಗುವ ಹಾಗೆ ಮೈ ಜುಮ್ಮೆಂದಿತು.

ಇನ್ಸ್‌ಪೆಕ್ಟರ್ ಸಂಕ್ರಾಂತಿ ಕಳೆದ ಮೇಲೆ ಬಂದರು. ಟೀಚರ್ ಬರೆದದ್ದಕ್ಕೆ ಬಂದರೋ, ರೈಲಿನಲ್ಲಿ ಕಂಡವರು ಹೇಳಿದ್ದಕ್ಕೆ ಬಂದರೋ, ಯಾರಿಗೂ ಗೊತ್ತಾಗಲಿಲ್ಲ. ಹೊಸ ಕಾನೂನನ್ನು ಕನ್ನಡದಲ್ಲಿ ಬರೆಸಿ ಗೇಟಿಗೆ ಅಂಟಿಸಿಹೋದರು. ಆದಿಲಕ್ಷ್ಮಿ ಅದನ್ನು ಗಟ್ಟಿಯಾಗಿ ಓದಿದಳು. ಓದು ಬಾರದ ಹೆಂಗಸರು ಅವಳಿಂದ ಇನ್ನೊಮ್ಮೆ ಓದಿಸಿಕೊಂಡರು. ಆ ನಾಲ್ವರ ತಂಟೆಗೆ ಮೇಸ್ತ್ರಿ ಮತ್ತೆ ಬರಲಿಲ್ಲ. ಆದರೆ ಆ ವರ್ಷ ಹೊಸದಾಗಿ ಮದುವೆಯಾದ ಹುಡುಗಿಯರು ಕೆಲಸ ಕೇಳಿಕೊಂಡು ಬಂದರೆ, ಜಾಗ ಇಲ್ಲ ಎಂದು ಗೇಟಿನಿಂದಲೇ ಕಳಿಸುತ್ತಿದ್ದ. ಅದನ್ನು ನೋಡಿದಾಗ ಚಿಕ್ಕಗಂಗಮ್ಮ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಅಮ್ಮನ ರಜದ ದಿನಗಳು ಬಂದವು.

ಒಂದು ಶನಿವಾರ ಸ್ಕೂಲು ಬೇಗ ಬಿಟ್ಟಿತು. ಆದಿಲಕ್ಷ್ಮಿ ಮನೆಗೆ ಓಡಿಬಂದು ಹೊಸ್ತಿಲಲ್ಲೇ ನಿಂತಳು. ಒಳಗೆ ಚಾಪೆಯ ಮೇಲೆ ಅಮ್ಮ ಮಲಗಿದ್ದಳು. ಒಂದು ಕೈ ಕೆನ್ನೆಯ ಕೆಳಗೆ, ಬಾಯಿ ಸ್ವಲ್ಪ ತೆರೆದಿತ್ತು.

ಅಮ್ಮ ನಿದ್ದೆ ಮಾಡುವುದನ್ನು ಅವಳು ಹಗಲಿನಲ್ಲಿ ಎಂದೂ ನೋಡಿರಲಿಲ್ಲ. ಕೋಳಿ ಕೂಗುವ ಮುಂಚೆಯೇ ಅಮ್ಮ ಏಳುತ್ತಿದ್ದಳು, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದಳು. ಬಾಗಿಲಿನ ಬೆಳಕಿನಲ್ಲಿ ಆ ಮುಖದ ಗೆರೆಗಳೆಲ್ಲಾ ಸಡಿಲವಾಗಿದ್ದವು. ಅಮ್ಮ ಇಷ್ಟು ಚಿಕ್ಕವಳು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮೇಲಿನ ಕ್ಲಾಸಿನ ಹುಡುಗಿಯೊಬ್ಬಳು ಆಡಿ ಸುಸ್ತಾಗಿ ಮಲಗಿದ ಹಾಗಿತ್ತು.

ಅಜ್ರಾ ಕುಂಟೆಬಿಲ್ಲೆಗೆ ಕರೆಯಲು ಬಂದಳು. ಆದಿಲಕ್ಷ್ಮಿ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅಜ್ರಾ ಕತ್ತು ಚಾಚಿ ಒಳಗೆ ನೋಡಿದಳು. ಆಮೇಲೆ ಇಬ್ಬರೂ ಹೊಸ್ತಿಲಲ್ಲೇ ಕುಳಿತರು.

ಪಕ್ಕದ ಮನೆಯ ಕೋಳಿಯೊಂದು ಕೊಕ್ಕೊಕ್ಕೊ ಎನ್ನುತ್ತಾ ಬಾಗಿಲ ಕಡೆ ಬಂತು. ಇಬ್ಬರೂ ಸದ್ದು ಮಾಡದೆ, ಕೈಯಾಡಿಸಿ ಅದನ್ನು ದೂರ ಓಡಿಸಿದರು.