ಸುರುಳಿಯೊಳಗಿನ ಸುಳ್ಳು

"ಕಣ್ಣು ಮುಚ್ಕೊಳ್ರೀ! ಈ ಕಡೆ ನೋಡ್ಬೇಡಿ!"

ಕಿರುಚಿದ ರಭಸಕ್ಕೆ ಅನು ಬೆಚ್ಚಿಬಿದ್ದಳು. ರಿಪೇರಿಗೆಂದು ತಂದಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಕೈಯಿಂದ ಇನ್ನೇನು ಜಾರಬೇಕು... ವೆಲ್ಡಿಂಗ್ ಕಿಡಿಗಳ ಆಚೆಯಿಂದ ಧಾವಿಸಿ ಬಂದ ಎರಡು ಕೈಗಳು ಅದನ್ನು ಹಿಡಿದುಕೊಂಡವು. ಅದರ ಜೊತೆಗೆ ಅವಳ ಬೆರಳುಗಳನ್ನೂ!

"ಕಿಡಿ ನೋಡಿದ್ರೆ ಕಣ್ಣು ಹೋಗುತ್ತೆ. ಅದಕ್ಕೇ ಕೂಗ್ದೆ," ಎಂದ ಅವನು, ಮಸಿ ಮೆತ್ತಿದ ಮುಖದಲ್ಲೇ ನಗುತ್ತಾ. "ಇದ್ರಲ್ಲಿ ಏನು ಸುಡ್ತೀರಿ?"

"ಕಿರುಚಿ ಹೆದರಿಸೋರನ್ನ!"

ಪಾಂಡವಪುರದ ಆ ಪುಟ್ಟ ಅಂಗಡಿಯಲ್ಲಿ ಲಕ್ಷ್ಮಣ ಹೊಟ್ಟೆ ಹಿಡಿದು ನಕ್ಕುಬಿಟ್ಟ.

ಅದು ತೊಂಬತ್ತೈದರ ಮಾತು. ಆ ವರ್ಷ ಅನುವಿನ ಓವನ್ ನಾಲ್ಕು ಸಲ ಕೆಟ್ಟಿತು. ಮೂರು ಸಲ ಅವಳೇ ಕೆಡಿಸಿದ್ದಳು!

ನಾಲ್ಕನೆಯ ಸಲ ಲಕ್ಷ್ಮಣ ಮುಚ್ಚಳ ತಿರುಗಿಸಿ ನೋಡಿ, ತಲೆ ಎತ್ತದೆಯೇ ಹೇಳಿದ್ದ. "ಸುಮ್ನೆ ಇದನ್ಯಾಕೆ ಹಿಂಸೆ ಮಾಡ್ತೀರಿ? ನೋಡ್ಬೇಕು ಅನ್ಸಿದ್ರೆ ಬರೀ ಕೈಯಲ್ಲಿ ಬನ್ನಿ..."

ಅಷ್ಟೇ. ಅದಕ್ಕಿಂತ ಹೆಚ್ಚು ಇಬ್ಬರೂ ಹೇಳಿಕೊಳ್ಳಲಿಲ್ಲ.

ಆದರೆ ಊರಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿತು. ತಾಯಿ ಇಲ್ಲದ ಮಗಳನ್ನು ನಾಲ್ಕು ಹಸುಗಳ ಹಾಲು ಕರೆದು, ಮೈಸೂರಿಗೆ ಕಳಿಸಿ, ಹೋಂ ಸೈನ್ಸ್ ಓದಿಸಿದ ಹೊನ್ನಪ್ಪಗೌಡರು ಕೂಗಾಡಲಿಲ್ಲ. ಜಗಲಿಯ ಮೇಲೆ ಕೂತು ಒಂದೇ ಮಾತು ಕೇಳಿದರು.

"ಆಚಾರ್ರ ಹುಡುಗನಾ?"

"ಹೂಂ ಅಪ್ಪ..."

"ಅವ್ರಪ್ಪ ನಮ್ಮನೆ ಬಾಗಿಲು ಕೂರಿಸೋಕೆ ಬಂದಿದ್ದ. ನಿಮ್ಮವ್ವ ಆಸೆಯಿಂದ ಕಾಪಿ ಕೊಟ್ಲು. ಬಾಡು ತಿನ್ನೋರ ಮನೇದು ಅಂತ ಲೋಟ ಮುಟ್ಲಿಲ್ಲ ಕಣವ್ವ! ಅಂಗೇ ಆರೋಯ್ತು. ಅವತ್ತು ನಿಮ್ಮವ್ವ ಅತ್ತಿದ್ಲು." ಗೌಡರು ಹೆಗಲ ಟವೆಲ್ಲು ಕೊಡವಿದರು. "ನಮ್ಮ ಜೊತೆ ಕೂತು, ನಮ್ಮೆಲೇಲಿ ಬಾಡು ತಿಂದ್ರೆ ಅವ್ನು ಅಳಿಯ. ಇಲ್ದಿದ್ರೆ ನಾಗಮಂಗಲದ ಗಂಡಿಗೆ ಮಾತು ಕೊಡ್ತೀನಿ."

ಬಾಡು! ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವನು ಲಕ್ಷ್ಮಣ. ತಿನ್ನು ಎಂದು ಯಾವ ಬಾಯಿಂದ ಕೇಳುವುದು? ಅವನು ತಿನ್ನಲ್ಲ ಎಂದರೆ ಅವನಿಲ್ಲದೆ ಬದುಕುವುದು ಹೇಗೆ?

ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ.

ನಾಲ್ಕನೆಯ ದಿನ ಒಂದು ಅಡುಗೆ ನೆನಪಾಯಿತು. ಕಾಲೇಜಿನಲ್ಲಿ ಮೇಡಂ ವಿದೇಶಿ ಪತ್ರಿಕೆ ನೋಡಿ ಕಲಿಸಿದ್ದ ಟಕೀಟೊ. ಮುಸುಕಿನ ಜೋಳದ ತೆಳು ರೊಟ್ಟಿಯೊಳಗೆ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಕೋಳಿ ಇಟ್ಟು, ಬಿಗಿಯಾಗಿ ಸುತ್ತಿ, ಎಣ್ಣೆ ಸವರಿ ಓವನ್‌ನಲ್ಲಿ ಗರಿಗರಿಯಾಗಿ ಬೇಯಿಸುವುದು.

ಸುತ್ತಿದ ಮೇಲೆ ಒಳಗಿರುವುದು ಯಾರಿಗೆ ಕಾಣುತ್ತದೆ? ಎಳೆ ಹಲಸಿನಕಾಯಿ ಬೇಯಿಸಿ ಬಿಡಿಸಿದರೆ ನೋಡಲು ಥೇಟು ಕೋಳಿಯೇ!

ಅಪ್ಪ ಬಾಡು ಎಂದುಕೊಳ್ಳಲಿ. ಅವನು ಹಲಸಿನಕಾಯಿ ತಿನ್ನಲಿ. ಇಬ್ಬರೂ ಉಳಿಯಲಿ...

"ಭಾನುವಾರ ಊಟಕ್ಕೆ ಬನ್ನಿ. ನಿಮಗೆ ಹಲಸಿನಕಾಯಿದು ಮಾಡ್ತೀನಿ," ಎಂದಷ್ಟೇ ಹೇಳಿದಳು. ಅಪ್ಪನ ಷರತ್ತು ಬಾಯಿಗೆ ಬರಲಿಲ್ಲ.

ಭಾನುವಾರ ಮೊದಲು ಹಲಸಿನಕಾಯಿ ಸುರುಳಿಗಳನ್ನು ಬೇಯಿಸಿ, ಒಂದೊಂದಕ್ಕೂ ಗುರುತಿಗೆ ಲವಂಗ ಚುಚ್ಚಿ ಬೇರೆ ತಟ್ಟೆಯಲ್ಲಿಟ್ಟಳು. ಆಮೇಲೆ ನಾಟಿ ಕೋಳಿಯವು. ಅದ್ದಿಕೊಳ್ಳಲು ಸುಟ್ಟ ಟೊಮೆಟೊ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಗಟ್ಟಿ ಮೊಸರಿಗೆ ಕಲಸಿದಳು.

ಅಪ್ಪ, ಲಕ್ಷ್ಮಣ ಎದುರುಬದುರು ಕೂತರು. ಶೀಳನೆರೆಯಿಂದ ಬಂದಿದ್ದ ದೊಡ್ಡಮ್ಮ ಪುಟ್ಟಲಕ್ಷ್ಮಮ್ಮ ತಾನೇ ಬಡಿಸುತ್ತೇನೆಂದು ಹಟ ಹಿಡಿದು, ದೊಡ್ಡ ತಟ್ಟೆ ಹೊತ್ತು ತಂದು, ಎರಡೂ ಎಲೆಗಳಿಗೆ ಎರಡೆರಡು ಇಟ್ಟುಬಿಟ್ಟರು.

ನೀರಿನ ಚೊಂಬು ಹಿಡಿದು ಬಂದ ಅನು ಎಲೆ ನೋಡಿದಳು. ಒಂದರಲ್ಲೂ ಲವಂಗವಿಲ್ಲ!

"ದೊಡ್ಡಮ್ಮ... ಲವಂಗ?"

"ಅಯ್ಯೋ, ಹಲ್ಲಿಗೆ ಸಿಕ್ಕಾಕ್ಕೊಂಡಾವು ಅಂತ ಒಂದೂ ಬುಡ್ದಂಗೆ ಕಿತ್ತಾಕ್ದೆ ಕಣವ್ವ. ಎರಡು ತಟ್ಟೇವೂ ಒಂದ್ರಲ್ಲೇ ಜೋಡ್ಸಿವ್ನಿ. ಎಂಗೈತೆ, ಮದ್ವೆ ಮನೆ ಇದ್ದಂಗಿಲ್ವಾ?"

ಅನು ಎಲೆಗಳತ್ತ ಬಗ್ಗಿ ನೋಡಿದಳು.

ಯಾವುದು ಕೋಳಿ? ಯಾವುದು ಹಲಸಿನಕಾಯಿ? ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ!

ಲಕ್ಷ್ಮಣ ಸುರುಳಿಯೊಂದನ್ನು ಮೊಸರಿಗೆ ಅದ್ದಿದ. ಅವಳತ್ತ ನೋಡಿ ಸಣ್ಣಗೆ ನಕ್ಕ. ಎಷ್ಟು ನಂಬಿಕೆ ಆ ನಗುವಿನಲ್ಲಿ!

ಅಪ್ಪ ಅವನ ಕೈಯನ್ನೇ ನೋಡುತ್ತಿದ್ದರು.

ಬಾಯಿ ಬಿಟ್ಟರೆ ಇವನು ಕೈತಪ್ಪುತ್ತಾನೆ. ಬಿಡದಿದ್ದರೆ... ಯಾರಿಗೂ ಗೊತ್ತಾಗುವುದೇ ಇಲ್ಲ. ಒಂದೇ ತುತ್ತು. ದೇವರೇ, ಒಂದೇ ಒಂದು ತುತ್ತು...

ಸುರುಳಿ ತುಟಿಯ ಹತ್ತಿರ ಬಂತು.

"ತಿನ್ಬೇಡಿ!" ಚೊಂಬು ನೆಲಕ್ಕೆ ಬಿತ್ತು. "ಅದ್ರಲ್ಲಿ ಕೋಳಿ ಇರ್ಬೋದು!"

"ಇರ್ಬೋದು ಅಂದ್ರೆ?" ಗೌಡರ ಹುಬ್ಬು ಗಂಟಿಕ್ಕಿತು. "ಎಲ್ಲಾ ಕೋಳಿನೇ ಅಲ್ವಾ?"

ಅಳುತ್ತಲೇ ಎಲ್ಲವನ್ನೂ ಹೇಳಿದಳು. ಷರತ್ತು, ಹಲಸಿನಕಾಯಿ, ಲವಂಗ... "ಅವ್ರಿಗೇನೂ ಗೊತ್ತಿಲ್ಲ ಅಪ್ಪ, ಎಲ್ಲಾ ನಂದೇ!"

ಲಕ್ಷ್ಮಣ ಸುರುಳಿಯನ್ನು ಮೆಲ್ಲಗೆ ಎಲೆಯ ಮೇಲಿಟ್ಟ.

"ಗೌಡ್ರೇ, ನಾನು ಬಾಡು ತಿನ್ನಲ್ಲ. ಆದ್ರೆ ನಿಮ್ಮನೇಲಿ ಉಣ್ಣಕ್ಕೇ ಬಂದಿದ್ದೆ."

ಕೈಮುಗಿದು ಎದ್ದು ಹೋದ.

ಅನು ಬರಿಗಾಲಲ್ಲಿ ಓಡಿದಳು. ನಾಲೆ ಏರಿಯ ಮೇಲೆ ಅವನು ತಿರುಗಿಯೂ ನೋಡದೆ ನಡೆಯುತ್ತಿದ್ದ.

"ನಿಂತ್ಕೊಳ್ಳಿ... ನಿಮ್ಮ ಕಾಲಿಗೆ ಬೀಳ್ತೀನಿ, ನಿಂತ್ಕೊಳ್ಳಿ!"

ನಿಂತ. ತಿರುಗಿದಾಗ ಅವನ ಕಣ್ಣು ಕೆಂಪಾಗಿತ್ತು.

"ನಾನಿರೋ ಹಂಗೆ ನಿಮ್ಮಪ್ಪಂಗೆ ತೋರ್ಸೋಕೆ ನಿಮಗೆ ನಾಚ್ಕೆ. ಅದಕ್ಕೇ ಬೇರೆ ಏನೋ ಅಂತ ಸುತ್ತಿ ತೋರ್ಸೋಕೆ ಹೊರ್ಟ್ರಿ. ಅಲ್ವಾ?"

"ನಾಚ್ಕೆ ಅಲ್ಲ! ಭಯ... ನಿಮ್ಮನ್ನ ಕಳ್ಕೋತೀನಿ ಅಂತ."

"ಸುಮ್ನಿದ್ದಿದ್ರೆ ಕಳ್ಕೋತಿರ್ಲಿಲ್ವಲ್ಲ! ಯಾಕೆ ಕೂಗಿದ್ರಿ?"

ಅನು ಬಿಕ್ಕಿದಳು. "ನೀವು ನನ್ನ ನಂಬ್ಕೊಂಡು ಬಾಯಿಗಿಡ್ತಿದ್ರಿ. ಹಂಗೆ ಸಿಗೋ ಗಂಡ... ನಂಗೆ ಬೇಡ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

ಹಿಂದೆ ಸೈಕಲ್ ನಿಂತ ಸದ್ದಾಯಿತು. ಅಪ್ಪ! ಏದುಸಿರು, ಹೆಗಲ ಮೇಲೆ ಅಡ್ಡಾದಿಡ್ಡಿ ಟವೆಲ್ಲು.

"ಏನ್ಲಾ, ಎಲೆ ಮುಂದೆ ಕೂತೋನು ಉಣ್ದೆ ಎದ್ದೋದ್ರೆ ನನ್ ಮನೆಗೆ ಒಳ್ಳೇದಾ?"

"ಗೌಡ್ರೇ, ನಾನು..."

"ಸುಮ್ನಿರು. ನಿಮ್ಮಪ್ಪ ಮುಟ್ಲಿಲ್ಲ ಅಂತ ಇಷ್ಟು ವರ್ಸ ಉರ್ಕೊಂಡಿದ್ದೆ. ಇವತ್ತು ನೀನಾಗೇ ಉಣ್ಣಕ್ ಬಂದೆ, ನಾನು ಎಬ್ಬಿಸ್ಬುಟ್ಟೆ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹಲಸಿನಕಾಯಿ ಇನ್ನೂ ಮಿಕ್ಕೈತಂತೆ. ಹೊಸ್ದಾಗಿ ಮಾಡ್ಲಿ ಇವ್ಳು. ನಂಗೂ ಇವತ್ತು ಅದೇ. ಬಾರಪ್ಪ, ಹಸ್ಕೊಂಡಿವ್ನಿ."

ಲಕ್ಷ್ಮಣ ಬಗ್ಗಿ ಅವರ ಕಾಲು ಮುಟ್ಟಿದ.

ಮನೆಯಲ್ಲಿ ಓವನ್ ತೊಳೆದು ಮತ್ತೆ ಕಾಯಿಸಿದ್ದಾಯಿತು. ಅನು ಹೊಸ ರೊಟ್ಟಿ ಲಟ್ಟಿಸುತ್ತಿದ್ದಳು. ಅಡುಗೆಮನೆ ಹೊಸ್ತಿಲಲ್ಲಿ ಲಕ್ಷ್ಮಣನ ನೆರಳು ಬಿತ್ತು.

"ಇನ್ನೆಷ್ಟು ಹೊತ್ತು?"

"ಇಪ್ಪತ್ತು ನಿಮಿಷ." ತಲೆ ಎತ್ತಲು ಧೈರ್ಯ ಬರಲಿಲ್ಲ. "ಇನ್ನೂ ಕೋಪನಾ?"

"ಸ್ವಲ್ಪ."

"ನಿಮ್ಮ ಮನೇಲಿ ಏನಂತ ಹೇಳ್ತೀರಿ?"

"ಇದ್ದದ್ದೇ. ಅನು ಮಾಡಿದ್ಲು, ಉಂಡೆ, ಇನ್ಮೇಲೆ ದಿನಾ ಅವಳ ಕೈಯಡುಗೆನೇ ಅಂತ."

"ನಿಮ್ಮಮ್ಮ ಬೈದ್ರೆ?"

"ಬೈತಾರೆ. ಅಪ್ಪ ಇನ್ನೂ ಜೋರಾಗಿ ಬೈತಾರೆ." ಅವನು ಹೊಸ್ತಿಲ ಮೇಲೇ ಕೂತ. ದನಿ ಇಳಿಯಿತು. "ಒಬ್ನೇ ಬೈಸ್ಕೊಳ್ಳೋಕೆ ಭಯ ಆಗುತ್ತೆ ಅನು. ಜೊತೇಲಿ ಬರ್ತೀಯಾ?"

ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ.

ಅನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಉಂಡ್ಬಿಟ್ಟು ಹೋಗೋಣ."