ಮೂವತ್ತೆರಡು ಜಿಬಿ

ಹನ್ನೆರಡು ವರ್ಷ ಬೆಳ್ಳಿ ಜರಿಯ ಬೀರುವಿನ ಕೀಲಿ ಶಾಂತಮೂರ್ತಿಯ ಜೇಬಿನಲ್ಲಿತ್ತು. ಹೋದ ತಿಂಗಳು ಮಗ್ಗದ ಮನೆಯ ಯಜಮಾನ ಚೌಡಯ್ಯ ಬೀರುವಿನ ಎದುರು ಕ್ಯಾಮೆರಾ ಹಾಕಿಸಿ, ಕೀಲಿಯನ್ನು ಎಲ್ಲರ ಕೈಗೆಟುಕುವ ಮೊಳೆಗೆ ತೂಗುಹಾಕಿದರು. ಕ್ಯಾಮೆರಾಕ್ಕೆ ಮೆಮೊರಿ ಕಾರ್ಡು ತರಲು ಅವನನ್ನೇ ಕಳಿಸಿದರು. ಸಿಟ್ಟು ಬರಲಿಲ್ಲ. ಒಳಗೆ ಏನೋ ಆರಿಹೋಯಿತು, ಅಷ್ಟೆ.

ಕೊಳ್ಳೇಗಾಲದ ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡು ಕಾರ್ಡುಗಳಿದ್ದವು. ಒಂದು ನೂರಿಪ್ಪತ್ತೆಂಟು ಜಿಬಿ, ಕ್ಲಾಸ್ ಟೆನ್. ಇನ್ನೊಂದು ಮೂವತ್ತೆರಡು ಜಿಬಿ, ಮೇಲೆ ಯು-ತ್ರೀ, ವಿ-ಥರ್ಟಿ ಎಂಬ ಗುರುತು. ಆ ಗುರುತುಗಳು ಕಾರ್ಡು ಎಷ್ಟು ವೇಗವಾಗಿ ಬರೆದುಕೊಳ್ಳುತ್ತದೆ ಎಂದು ಹೇಳುತ್ತವೆಯೇ ಹೊರತು ಎಷ್ಟು ದಿನದ್ದನ್ನು ಇಟ್ಟುಕೊಳ್ಳುತ್ತದೆ ಎಂದಲ್ಲ. ಬಿ.ಎಸ್ಸಿ. ಓದಿದವನಿಗೆ ಅದು ಗೊತ್ತಿತ್ತು. ಚಿಕ್ಕದನ್ನು ಕೊಂಡ.

"ಇದ್ಯಾಕ್ಲಾ, ಜಿಬಿ ಇಷ್ಟು ಕಮ್ಮಿ?" ಚೌಡಯ್ಯ ಕೇಳಿದರು.

"ದೊಡ್ದು ನಿಧಾನ ಸಾ. ಇದು ಫಾಸ್ಟು."

"ಓದ್ದೋನೊಬ್ಬ ಇರ್ಬೇಕು ಕಣ್ಲಾ."

ಕೆಲವು ವಾರ ಅವನು ಸುಮ್ಮನೆ ಗಮನಿಸಿದ. ನಾಲ್ಕೈದು ದಿನಕ್ಕೆ ಕಾರ್ಡು ತುಂಬಿ, ಹಳೆಯದು ಅಳಿಯುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ. ಒಂದು ಗುರುವಾರ ನೇಕಾರರು ಊಟಕ್ಕೆ ಎದ್ದಾಗ ಜರಿ ರೀಲುಗಳನ್ನು ಚೀಲಕ್ಕಿಳಿಸಿ, ಆ ಜಾಗದಲ್ಲಿ ನಕಲಿ ಜರಿ ಜೋಡಿಸಿದ. ಮುಂದಿನ ವಾರ ಮದುವೆ ಸೀರೆಗೆ ತೆಗೆದಾಗ ಗೊತ್ತಾಗುತ್ತದೆ, ಆಗಲಿ. ಅಷ್ಟರಲ್ಲಿ ದೃಶ್ಯ ಇರುವುದಿಲ್ಲ. ಸಂಜೆಗೆ ಯಳಂದೂರಿನಲ್ಲಿ ಮಾಲು ಕೈಬದಲಾಯಿತು.

ಆ ಸಂಜೆಯೇ ಚೌಡಯ್ಯನವರ ಅಣ್ಣ ತೀರಿಕೊಂಡರು. ಸೂತಕ ಕಳೆಯುವ ತನಕ ಮಗ್ಗ ಮುಟ್ಟುವಂತಿಲ್ಲ. ಮಗ್ಗದ ಮನೆಗೆ ಬೀಗ ಬಿತ್ತು. ಹೆಣದ ಹಿಂದೆ ನಡೆಯುತ್ತ ಶಾಂತಮೂರ್ತಿ ಯೋಚಿಸಿದ: ಇನ್ನೂ ಒಳ್ಳೆಯದು, ಕಾರ್ಡು ಎರಡು ಸಲ ತುಂಬಿ ಅಳಿಯುತ್ತದೆ. ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

ತಿಥಿಯ ಮಾರನೆಯ ದಿನ ಬಾಗಿಲು ತೆರೆಯಿತು. ನೇಕಾರ ನಿಂಗರಾಜು ಎಂದಿನಂತೆ ಹೊಸ ರೀಲಿನ ಎಳೆಯೊಂದನ್ನು ಬೆಂಕಿಕಡ್ಡಿಗೆ ಹಿಡಿದ. ಅದು ಪ್ಲಾಸ್ಟಿಕ್ಕಿನಂತೆ ಮುದುರಿತು. ಚೌಡಯ್ಯ ಕ್ಯಾಮೆರಾ ನೋಡಿಕೊಳ್ಳುವ ಮಗಳು ಸ್ಪಂದನಳನ್ನು ಕರೆದರು.

"ಯಾವತ್ತು ಕದ್ರೋ ಏನೋ. ಹಳೇದೆಲ್ಲ ಅಳಿಸೋಗಿರ್ತದೆ ಕಣವ್ವ," ಎಂದ ಶಾಂತಮೂರ್ತಿ.

"ಇಲ್ಲ ಅಂಕಲ್," ಫೋನಿನಿಂದ ಕಣ್ಣೆತ್ತದೆ ಅವಳು ಹೇಳಿದಳು. "ಏನಾರ ಅಲ್ಲಾಡಿದ್ರೆ ಮಾತ್ರ ರೆಕಾರ್ಡ್ ಆಗೋ ಅಂಗೆ ಮಡಗಿವ್ನಿ. ಬೀಗ ಆಕಿದ್ಮೇಲೆ ಒಳಗೆ ಏನೂ ಅಲ್ಲಾಡಿಲ್ಲ. ಗುರುವಾರದ್ದು ಅಂಗೇ ಅದೆ."