ಕೋಬೆಯಿಂದ ಬಂದ ನಯವಾದ ಕಾಗದ

ಕಾಂತಿ ಟೈಪ್ ಮಾಡಿಟ್ಟಿದ್ದ ಪತ್ರದ ಮೊದಲ ನಾಲ್ಕು ಸಾಲುಗಳ ಮೇಲೆ ಕೆಂಪು ಪೆನ್ಸಿಲ್ಲಿನ ಗೀಟು ಬಿದ್ದಿತ್ತು. ಕಾಗದ ಹರಿಯುವಷ್ಟು ಒತ್ತಿ ಎಳೆದ ಗೀಟು.

"ಇದನ್ನು ಗೀಚಿದ್ದು ಯಾರು?"

"ನಾನೇ," ಎಂದ ಎದುರಿನ ಮೇಜಿನವನು.

ಅವನು ಬಂದು ಎರಡೇ ದಿನವಾಗಿತ್ತು. ಹೆಸರು ಸುಧಾಕರ ಶೆಟ್ಟಿ. ಮೊಯಿದಿನಬ್ಬ ಸಾಹುಕಾರರು ಬೊಂಬಾಯಿಯಿಂದ ಕರೆಸಿಕೊಂಡ ಎಕ್ಸ್‌ಪೋರ್ಟ್ ಮ್ಯಾನೇಜರ್. ಇಸ್ತ್ರಿ ಮುರಿಯದ ಬಿಳಿ ಶರಟು, ಕಿಸೆಯಲ್ಲಿ ಎರಡು ಪೆನ್ನು.

"ಕೋಬೆಯಲ್ಲಿ ಪ್ಲಮ್ ಹೂವು ಅರಳಿತಾ ಅಂತ ಕೇಳ್ಲಿಕ್ಕೆ ನಾವೆಂತ ಹೂವಿನ ವ್ಯಾಪಾರಿಗಳಾ? ಇದು ಬಿಸಿನೆಸ್ ಕಾಗದ, ಕಾಂತಿಯವರೇ. ಪ್ರೇಮಪತ್ರ ಅಲ್ಲ."

ಗುಮಾಸ್ತ ಇಬ್ರಾಹಿಂ ಕಿಸಕ್ಕೆಂದ. ಕಾಂತಿಯ ಕಿವಿ ಬಿಸಿಯಾಯಿತು.

"ಹಯಾಶಿಯವರು ಯಾವಾಗಲೂ ಹಾಗೆಯೇ ಶುರು ಮಾಡ್ತಾರೆ. ನಾವು ಉತ್ತರ ಕೊಡದಿದ್ರೆ ಅವರಿಗೆ ಅವಮಾನ."

"ನಾನು ಬೊಂಬಾಯಿಯಲ್ಲಿ ಎರಡು ವರ್ಷ ಜಪಾನಿನವರೊಟ್ಟಿಗೆ ಕೆಲಸ ಮಾಡಿದವ. ಅವರಿಗೆ ಬೇಕಾದ್ದು ರೇಟು, ತೂಕ, ತಾರೀಕು. ಅಷ್ಟೇ."

ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ತಾನು ಅದನ್ನು ಗಮನಿಸಿದೆನಲ್ಲ ಎಂದು ಕಾಂತಿಗೆ ಇನ್ನಷ್ಟು ಸಿಟ್ಟು ಬಂತು. ಹೊಸ ಹಾಳೆಯನ್ನು ಟೈಪ್‌ರೈಟರಿಗೆ ತುರುಕಿ, ಕೀಲಿಗಳನ್ನು ಕುಟ್ಟತೊಡಗಿದಳು.

ಅದು ೧೯೬೧ರ ಫೆಬ್ರವರಿ. ಮೆಲ್ಕಾರಿನಲ್ಲಿ ಸಾಹುಕಾರರ ಗೇರುಬೀಜದ ಕಾರ್ಖಾನೆ. ಬೀಜದ ತಿರುಳು ಬೇರೆಲ್ಲೆಲ್ಲಿಗೋ ಹೋಗುತ್ತಿತ್ತು. ಸಿಪ್ಪೆಯಿಂದ ಇಳಿಸಿದ ಕಪ್ಪು ಎಣ್ಣೆ ಮಾತ್ರ ಡ್ರಮ್ಮು ತುಂಬಿ ಮಂಗಳೂರು ಬಂದರಿನಿಂದ ಹಡಗು ಹತ್ತಿ ಜಪಾನಿನ ಕೋಬೆಗೆ. ಅಲ್ಲಿನವರು ಅದರಿಂದ ಬಣ್ಣ ಮಾಡುತ್ತಾರಂತೆ. ಕೊಳ್ಳುವ ಕಂಪೆನಿಯ ಪರವಾಗಿ ಬರೆಯುತ್ತಿದ್ದವರು ಹಯಾಶಿ ಎಂಬೊಬ್ಬರು. ಇಲ್ಲಿ ಯಾರೂ ಅವರ ಮುಖ ನೋಡಿದವರಲ್ಲ.

ಕಾಂತಿ ಬೆಳುವಾಯಿಯ ಹುಡುಗಿ. ಪಾಣೆಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ನಾಲ್ಕು ವರ್ಷದಿಂದ ಇಲ್ಲಿ ಟೈಪಿಸ್ಟ್. ಜಪಾನನ್ನು ಅವಳು ಭೂಪಟದಲ್ಲಿ ಬಿಟ್ಟರೆ ಕಂಡಿರಲಿಲ್ಲ. ಆದರೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಯಾಶಿಯವರ ಹಳೆಯ ಕಾಗದಗಳನ್ನು ಹರವಿ, ಅವರು ಬರೆದದ್ದೇನು, ಆಮೇಲೆ ಆದದ್ದೇನು ಎಂದು ಹೊಂದಿಸಿ ನೋಡುವುದು ಅವಳಿಗೆ ಹುಚ್ಚಿನಂತೆ ಹಿಡಿದಿತ್ತು. ಅಷ್ಟೂ ಕಾಗದಗಳಲ್ಲಿ 'ಇಲ್ಲ' ಎಂಬ ಶಬ್ದ ಒಂದು ಸಲವೂ ಇರಲಿಲ್ಲ. 'ಸ್ವಲ್ಪ ಕಷ್ಟವಾದೀತು' ಎಂದು ಬರೆದ ಮೂರು ಸಲವೂ ಆರ್ಡರ್ ಬರಲಿಲ್ಲ. 'ಪರಿಶೀಲಿಸುತ್ತೇವೆ' ಎಂದ ಎರಡು ಸಲವೂ ಬರಲಿಲ್ಲ. ಸಾಹುಕಾರರ ತಾಯಿ ತೀರಿಕೊಂಡ ವರ್ಷ ಕಾಂತಿ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲು ಸೇರಿಸಿದ್ದಳು. ಉತ್ತರವಾಗಿ ಕೈಯಲ್ಲೇ ಬರೆದ ಇಡೀ ಪುಟ ಬಂತು. ಮುಂದಿನ ಆರ್ಡರ್ ಯಾರೂ ಕೇಳದೆ ಎರಡು ಪಟ್ಟಾಗಿತ್ತು.

ಇದನ್ನೆಲ್ಲ ಸುಧಾಕರನಿಗೆ ಹೇಳಲು ಅವಳು ಒಮ್ಮೆ ಪ್ರಯತ್ನಿಸಿದಳು. ಅವನು ಗಲ್ಲಕ್ಕೆ ಕೈಯಿಟ್ಟು ಕೇಳಿದ. ಅವನ ಕಣ್ಣು ಕಾಗದದ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು.

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ನಿಮಗೆ ಸಿಟ್ಟು ಬಂದಾಗ ಹುಬ್ಬು ಒಂದಕ್ಕೊಂದು ತಾಗ್ತದೆ, ಗೊತ್ತುಂಟಾ?"

ಅವಳು ಫೈಲನ್ನು ರಪ್ಪೆಂದು ಮುಚ್ಚಿ ಎದ್ದು ಹೋದಳು. ಹೋದವಳು ಚಿಕ್ಕಮ್ಮನ ಮನೆಯ ಕನ್ನಡಿಯಲ್ಲಿ ಹುಬ್ಬು ಗಂಟಿಕ್ಕಿ ನೋಡಿಕೊಂಡಳು. ತಾಗುತ್ತಿದ್ದುದು ನಿಜ. ಕನ್ನಡಿಯ ಮೇಲೂ ಸಿಟ್ಟು ಬಂತು.

ಮಳೆಗಾಲ ಬಂದು ಬಂದರು ಮುಚ್ಚುವ ಮೊದಲು ಅವಸರದಲ್ಲಿ ನೂರಿಪ್ಪತ್ತು ಡ್ರಮ್ಮು ಹೋದವು. ಜುಲೈಯಲ್ಲಿ ಹಯಾಶಿಯವರ ಕಾಗದ ಬಂತು. 'ಈ ಸಲ ಸಮುದ್ರ ಒರಟಾಗಿದ್ದಿರಬೇಕು. ಡ್ರಮ್ಮುಗಳಿಗೆ ದಾರಿಯಲ್ಲಿ ಬಾಯಾರಿಕೆಯಾಗಿ ನೀರು ಕುಡಿದಂತಿದೆ.'

ಸುಧಾಕರ ಜೋರಾಗಿ ಓದಿ ನಕ್ಕ. "ಒಳ್ಳೆ ತಮಾಷೆಯ ಮನುಷ್ಯ. ಕಂಪ್ಲೇಂಟ್ ಎಂತ ಇಲ್ಲ."

"ಅವರಿಗೆ ಭಾರೀ ಸಿಟ್ಟು ಬಂದಿದೆ," ಎಂದಳು ಕಾಂತಿ. "ಮೊದಲ ಸಾಲು ನೋಡಿ. ಹೂವಿಲ್ಲ, ಮಳೆಯಿಲ್ಲ, ಸಾಹುಕಾರರ ಆರೋಗ್ಯ ಕೇಳಿಲ್ಲ. ಎಣ್ಣೆಗೆ ನೀರು ಸೇರಿದೆ. ತಪ್ಪಾಯ್ತು ಅಂತ ಬರೆಯುವ."

"ಅವರು ಕೇಳದೆ ನಾವ್ಯಾಕೆ ತಪ್ಪು ಒಪ್ಪಿಕೊಳ್ಳುದು? ನಿಮಗೆ ಬಿಸಿನೆಸ್ ಗೊತ್ತಿಲ್ಲ."

ಕರಾರಿನ ಪ್ರಕಾರ ಸರಕು ಮುಟ್ಟಿ ಮೂವತ್ತು ದಿನದೊಳಗೆ ದೂರು ಬರದಿದ್ದರೆ ನಾವು ಜವಾಬ್ದಾರರಲ್ಲ ಎಂದು ಅವನು ಬರೆಸಿದ. ಅದರ ಕೆಳಗೇ, ಮುಂದಿನ ವರ್ಷದಿಂದ ಎರಡು ಪಟ್ಟು ಎಣ್ಣೆ ಕೊಳ್ಳಬೇಕೆಂದು ಪ್ರಸ್ತಾಪವಿಟ್ಟ. ಕಾಂತಿ ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದಳು.

ಆಗಸ್ಟ್ ಕೊನೆಗೆ ಉತ್ತರ ಬಂತು. 'ತಮ್ಮ ಪ್ರಸ್ತಾಪವನ್ನು ಒಳ್ಳೆಯ ಮನಸ್ಸಿನಿಂದ ಪರಿಶೀಲಿಸುತ್ತೇವೆ.'

ಆಫೀಸಿನಲ್ಲಿ ಹಬ್ಬವೇ ಆಯಿತು. ಸಾಹುಕಾರರು ಲಡ್ಡು ತರಿಸಿದರು. ಬೀಜ ಸುಲಿಯಲು ಹೊಸದಾಗಿ ಮೂವತ್ತು ಹೆಂಗಸರನ್ನು ತೆಗೆದುಕೊಳ್ಳುವುದೆಂದು ಅಲ್ಲೇ ನಿಂತು ಹೇಳಿದರು. ಸುಲಿಯುವ ಹೆಂಗಸರ ಮೇಸ್ತ್ರಿ ಆಯಿಶಮ್ಮನನ್ನೂ ಕರೆಸಿದರು. ಅವಳು ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

ಕಾಂತಿ ಲಡ್ಡು ಮುಟ್ಟಲಿಲ್ಲ. ಎದ್ದು ನಿಂತಳು.

"ಸಾಹುಕಾರ್ರೇ, ಯಾರನ್ನೂ ಸೇರಿಸಬೇಡಿ. ಈ ಕಾಗದದ ಅರ್ಥ 'ಇಲ್ಲ' ಅಂತ."

"ಎಂತ ಮಗಳೇ, ಒಳ್ಳೆ ಮನಸ್ಸಿನಿಂದ ಅಂತ ಬರ್ದಿದ್ದಾನಲ್ಲ?"

ಅಷ್ಟರಲ್ಲಿ ಸುಧಾಕರ ನಕ್ಕುಬಿಟ್ಟ. "ಕಾಂತಿಯವರಿಗೆ ಬೆಳುವಾಯಿಯ ಗದ್ದೆಕಟ್ಟೆಯಲ್ಲಿ ನಿಂತ್ರೆ ಜಪಾನ್ ಕಾಣ್ತದೆ ಸಾಹುಕಾರ್ರೇ! ಬೊಂಬಾಯಿಗೆ ಹೋಗಿ ಬಂದ ನಮಗೇ ಕಾಣುದಿಲ್ಲ."

ಎಲ್ಲರೂ ನಕ್ಕರು. ಇಬ್ರಾಹಿಂ ಮೇಜು ಕುಟ್ಟಿ ನಕ್ಕ. ಆಯಿಶಮ್ಮ ಮಾತ್ರ ನಗಲಿಲ್ಲ. ಕಾಂತಿ ಟೈಪ್‌ರೈಟರಿಗೆ ಮುಸುಕು ಹಾಕಿ, ಕೊಡೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟಳು. ಮರುದಿನ ಬೆಳುವಾಯಿಯಲ್ಲಿದ್ದಳು.

ಎರಡು ತಿಂಗಳು ಅವಳು ಸಿಟ್ಟಿನಲ್ಲೇ ಬದುಕಿದಳು. ಪಾತ್ರೆ ತಿಕ್ಕುವಾಗ ಸಿಟ್ಟು, ಗದ್ದೆಗೆ ಗಂಜಿ ಒಯ್ಯುವಾಗ ಸಿಟ್ಟು. ತಾಯಿ ಪೂವಮ್ಮ, "ನಿನ್ನ ಕೈಗೆ ಸಿಕ್ಕಿದ ಪಾತ್ರೆಯೆಲ್ಲ ನಜ್ಜುಗುಜ್ಜಾಯ್ತು ಮಾರಾಯ್ತಿ," ಎಂದು ಗೊಣಗಿದಳು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿತ್ತು. ಇಷ್ಟಾದರೂ ಆ ಎಡಗೆನ್ನೆಯ ಗುಳಿ ದಿನಕ್ಕೆ ಹತ್ತು ಸಲ ನೆನಪಾಗುತ್ತಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ನಿಂತಿದ್ದ. ಮೂಡುಬಿದಿರೆಯ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದ. ಕಂಕುಳಲ್ಲಿ ಕೋಬೆಯ ಫೈಲು.

"ಎಂತಕ್ಕೆ ಬಂದಿರಿ?"

"ಆರ್ಡರ್ ಬರಲಿಲ್ಲ. ಮೂರು ತಂತಿ ಕೊಟ್ಟೆ, ಉತ್ತರ ಇಲ್ಲ. ಹೊಸ ಮೂವತ್ತು ಜನರನ್ನು ಮೊನ್ನೆ ಮನೆಗೆ ಕಳಿಸಿದ್ರು. ಇನ್ನು ಹಳಬರನ್ನೂ ಕಳಿಸ್ಬೇಕಾಗ್ತದೆ." ಅವನ ದನಿ ಸಣ್ಣದಾಗಿತ್ತು. "ನೀವು ಹೇಳಿದ್ದೇ ಸರಿ. ಬನ್ನಿ, ಒಂದು ಕಾಗದ ಬರೆದು ಕೊಡಿ."

"ನೀವು ನಕ್ಕದ್ದು ಎಲ್ಲಿ ಶೆಟ್ರೇ? ನಮ್ಮ ಅಂಗಳದಲ್ಲಾ?"

"ಅಲ್ಲ."

"ಎಲ್ಲರ ಎದುರು ನಕ್ಕು ಇಲ್ಲಿ ಬಂದು ಗುಟ್ಟಿನಲ್ಲಿ ಸರಿ ಅಂದ್ರೆ ಆಗುದಿಲ್ಲ. ಅಲ್ಲಿಯೇ ಹೇಳಬೇಕು. ಆ ಹೆಂಗಸರಿಗೂ ಕೇಳಬೇಕು."

"ಹೇಳ್ತೇನೆ," ಎಂದ. ಅವನು ಕ್ಷಣವೂ ಯೋಚಿಸದೆ ಒಪ್ಪಿದ್ದು ಅವಳಿಗೆ ಹಿಡಿಸಲಿಲ್ಲ. ಇನ್ನೂ ನಾಲ್ಕು ಮಾತು ಬೈಯಲು ಸಿದ್ಧವಾಗಿದ್ದಳು.

ಮರುದಿನ ಸುಲಿಯುವ ಶೆಡ್ಡಿನಲ್ಲಿ ಅವನು ಹೆಂಗಸರ ನಡುವೆ ನಿಂತ. ಸಾಹುಕಾರರೂ ಇದ್ದರು. ಅವನು ಎಲ್ಲರಿಗೂ ತಿಳಿಯುವಂತೆ ತುಳುವಿನಲ್ಲಿ ಮಾತಾಡಿದ. ಕಾಗದವನ್ನು ಕಾಂತಿ ಸರಿಯಾಗಿ ಓದಿದ್ದಳು, ತಾನು ಅವಳನ್ನು ಗೇಲಿ ಮಾಡಿ ಬಾಯಿ ಮುಚ್ಚಿಸಿದೆ, ಹೊಸದಾಗಿ ಬಂದ ಮೂವತ್ತು ಜನರ ಕೆಲಸ ಹೋದದ್ದು ತನ್ನಿಂದ ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇನ್ನೊಂದು ಉಂಟು," ಎಂದ. "ನಾನು ಜಪಾನಿನವರೊಟ್ಟಿಗೆ ಕೆಲಸ ಮಾಡಿದವನೇ ಅಲ್ಲ. ಬೊಂಬಾಯಿ ಬಂದರಿನಲ್ಲಿ ಪೆಟ್ಟಿಗೆಗಳ ಮೇಲೆ ನಂಬರ್ ಬರೀತಾ ಇದ್ದೆ. ಜಪಾನಿನ ಹಡಗನ್ನು ದೂರದಿಂದ ನೋಡಿದ್ದೇನೆ, ಅಷ್ಟೇ."

ಸುಲಿಯುವ ಸದ್ದು ನಿಂತುಹೋಯಿತು. ಸಾಹುಕಾರರ ಮುಖ ಕೆಂಪಾಯಿತು. "ನಾಳೆಯಿಂದ ನನ್ನ ಗೇಟಿನೊಳಗೆ ಕಾಲಿಡಬೇಡ!" ಎಂದು ಕೂಗಿದರು.

ಕಾಂತಿಗೆ ಅಲ್ಲೇ ಕಿರುಚಬೇಕೆನಿಸಿತು. ಎಂಟು ತಿಂಗಳು ಅವಳ ಬಾಯಿ ಮುಚ್ಚಿಸಿದ ಬೊಂಬಾಯಿ ಬರೀ ಸುಳ್ಳು! ಆದರೆ ಅವಳು ಕೇಳಿದ್ದು ಇಷ್ಟನ್ನಲ್ಲ. ಕೇಳದ್ದನ್ನೂ ಅವನು ಅಷ್ಟು ಜನರ ಎದುರು ಸುರಿದುಬಿಟ್ಟಿದ್ದ. ಈಗ ಅವನು ತಲೆ ತಗ್ಗಿಸಿ ನಿಂತದ್ದನ್ನು ನೋಡಲಾಗಲಿಲ್ಲ.

"ಸಾಹುಕಾರ್ರೇ," ಎಂದಳು, "ಡ್ರಮ್ಮಿನ ಮುಚ್ಚಳ ನೋಡ್ಲಿಕ್ಕೆ ಜನ ಬೇಕಲ್ಲ. ಅಲ್ಲಿಗೆ ಹಾಕಿ. ಮಾಡಿದ್ದನ್ನು ಇವರೇ ಸರಿ ಮಾಡ್ಲಿ. ನಾನು ಕಾಗದ ಬರೆಯುದಾದ್ರೆ ಅದು ನನ್ನ ಷರತ್ತು."

ಸಾಹುಕಾರರು ಅವಳನ್ನೂ ಅವನನ್ನೂ ಒಮ್ಮೆ ನೋಡಿದರು. "ಆಯ್ತು," ಎಂದು ಗುಡುಗಿ ಹೊರಟುಹೋದರು.

ಅವಳು ಬರೆದ ಕಾಗದದಲ್ಲಿ ಕರಾರಿನ ಮಾತಿರಲಿಲ್ಲ, ನೆಪವಿರಲಿಲ್ಲ. ನೇತ್ರಾವತಿಯ ನೀರು ಇಳಿಯುತ್ತಿದೆ, ಗದ್ದೆಗಳಲ್ಲಿ ಪೈರು ಹಣ್ಣಾಗಿದೆ ಎಂದು ಶುರುಮಾಡಿದಳು. 'ಎಣ್ಣೆಗೆ ನೀರು ಸೇರಿದ್ದು ನಮ್ಮ ತಪ್ಪು. ನೀವು ಹೇಳಿದಿರಿ, ನಾವು ಕೇಳಿಸಿಕೊಳ್ಳಲಿಲ್ಲ. ಕೆಟ್ಟಷ್ಟೂ ಡ್ರಮ್ಮುಗಳ ಬದಲಿಗೆ ಹೊಸದನ್ನು ಮುಂದಿನ ಹಡಗಿನಲ್ಲಿ ಕಳಿಸುತ್ತೇವೆ.'

"ಕೊನೆಗೆ ಆರ್ಡರ್ ಕೇಳು ಮಗಳೇ," ಎಂದರು ಸಾಹುಕಾರರು.

"ಕೇಳಬಾರದು. ಕೇಳಿದ್ರೆ ಕ್ಷಮೆ ಕೇಳಿದ್ದು ಅದಕ್ಕಾಗಿ ಅಂತ ಆಗ್ತದೆ."

ಅವರು ಅರೆಮನಸ್ಸಿನಿಂದ ಒಪ್ಪಿದರು. ಸಹಿಯನ್ನು ಅವಳೇ ಹಾಕಿದಳು.

ಆಮೇಲೆ ಕಾಯುವ ದಿನಗಳು. ಸುಧಾಕರ ಗೋದಾಮಿನಲ್ಲಿ ಒಂದೊಂದು ಡ್ರಮ್ಮನ್ನೂ ಮಗುಚಿ, ಒಣಗಿಸಿ, ಮುಚ್ಚಳ ತಟ್ಟಿ ನೋಡುತ್ತಿದ್ದ. ಬಿಳಿ ಶರಟು ಮಾಯವಾಗಿ ಖಾಕಿ ಅಂಗಿ ಬಂದಿತ್ತು. ಎಣ್ಣೆ ತಾಗಿ ಬೆರಳುಗಳ ಚರ್ಮ ಸುಲಿದಿತ್ತು. ಆಯಿಶಮ್ಮ, "ಬೂದಿ ಹಚ್ಚಿಕೊಂಡು ಮುಟ್ಟಬೇಕು ಶೆಟ್ರೇ, ಅಷ್ಟೂ ಗೊತ್ತಿಲ್ವಾ?" ಎಂದು ಗದರಿ ಹಿಡಿ ಬೂದಿ ಕೊಟ್ಟಳು. ಕಾಂತಿ ಲೆಕ್ಕದ ನೆಪದಲ್ಲಿ ಬಾಗಿಲವರೆಗೆ ಬಂದು ಆ ಕೈಗಳನ್ನು ನೋಡಿದಳು. ಅವನು ತಲೆಯೆತ್ತಿದ. ಅವಳು ಹುಬ್ಬು ಗಂಟಿಕ್ಕಿದಳು. ಅವನು ಈ ಸಲ ಹುಬ್ಬಿನ ಬಗ್ಗೆ ಏನೂ ಹೇಳಲಿಲ್ಲ. ಬರಿದೇ ನೋಡಿದ. ಕಣ್ಣು ಮೊದಲು ತಗ್ಗಿಸಿದವಳು ಅವಳೇ.

ನವೆಂಬರ್ ಕೊನೆಗೆ ಕಾಗದ ಬಂತು. ಕೋಬೆಯ ಬೆಟ್ಟಗಳಲ್ಲಿ ಮೇಪಲ್ ಎಲೆಗಳು ಕೆಂಪಾಗಿವೆ ಎಂಬಲ್ಲಿಂದ ಶುರು. ಆರ್ಡರ್ ಕೊನೆಯ ಒಂದು ಸಾಲಿನಲ್ಲಿತ್ತು, ಮೊದಲಿನಷ್ಟೇ ಡ್ರಮ್ಮು. ನಡುವೆ ಹಯಾಶಿಯವರು ಕೇಳಿದ್ದರು: 'ಈ ಕಾಗದ ಬರೆದವರ ಪರಿಚಯ ನನಗೆ ನಾಲ್ಕು ವರ್ಷದಿಂದ ಇದೆ ಎನಿಸುತ್ತದೆ. ಈ ವರ್ಷ ಕೆಲವು ತಿಂಗಳು ಅವರಿಗೆ ಆರೋಗ್ಯವಿರಲಿಲ್ಲವೇ?'

ಕಾಂತಿ ಅದನ್ನು ಗೋದಾಮಿಗೆ ಒಯ್ದು ಸುಧಾಕರನಿಗೆ ಓದಿ ಹೇಳಿದಳು. "ಏಳು ಕಡಲಾಚೆ ಕೂತವರಿಗೆ ನಾನಿಲ್ಲ ಅಂತ ಗೊತ್ತಾಯ್ತು. ಎದುರಿನ ಮೇಜಿನಲ್ಲಿದ್ದ ನಿಮಗೆ ನಾನಿದ್ದೇನೆ ಅಂತಲೇ ಗೊತ್ತಾಗಲಿಲ್ಲ!"

"ಗೊತ್ತಿತ್ತು." ಅವನು ಡ್ರಮ್ಮಿನಿಂದ ಕೈ ತೆಗೆದ. "ಎರಡನೇ ದಿನವೇ ಗೊತ್ತಾಯ್ತು, ನನ್ನ ಸುಳ್ಳು ಹಿಡಿಯುದಾದ್ರೆ ನೀವೇ ಅಂತ. ಅದಕ್ಕೇ ಗೀಚಿದ್ದು, ಅದಕ್ಕೇ ನಕ್ಕದ್ದು. ಹೆದರಿಕೆಯಿಂದ." ಎತ್ತಲೋ ನೋಡುತ್ತ ಹೇಳಿದ, "ಬೆಳುವಾಯಿಯಲ್ಲಿ ಈಗ ಕೊಯ್ಲು ಮುಗಿದಿರಬೇಕಲ್ಲ? ಮನೆಯವರಿಗೆ ಪುರುಸೊತ್ತು ಉಂಟೋ ಏನೋ..."

"ಶೆಟ್ರೇ, ಸುತ್ತಿ ಬಳಸಿ ಬರೆದದ್ದನ್ನು ಓದ್ಲಿಕ್ಕೆ ಸಾಹುಕಾರ್ರು ನನಗೆ ಸಂಬಳ ಕೊಡ್ತಾರೆ. ನಿಮ್ಮದನ್ನು ನಾನು ಯಾಕೆ ಓದ್ಬೇಕು? ಎಂತ ಹೇಳುದಿದ್ರೂ ನೆಟ್ಟಗೆ ಹೇಳಿ."

ಅವನು ಉಸಿರೆಳೆದುಕೊಂಡ. "ನಿಮ್ಮನ್ನು ಮದುವೆಯಾಗ್ಬೇಕು ಅಂತ ಉಂಟು."

ಅವಳ ಮುಖ ಕೆಂಪೇರಿತು. "ಭಾನುವಾರ ಬನ್ನಿ," ಎಂದು ಸಿಡುಕಿ, ಕಾಗದ ಕಸಿದುಕೊಂಡು ಓಡುವಂತೆ ನಡೆದಳು.

ಭಾನುವಾರ ಚಾವಡಿಯಲ್ಲಿ ಕಾಂತಿಯ ಸೋದರಮಾವ ಸಂಕಪ್ಪ ಹೆಗ್ಡೆಯವರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಮದುವೆಯ ಮಾತಿನಲ್ಲಿ ಅವರದೇ ಕಡೆಯ ಮಾತು. ಕುಲದ ಬಳಿ ಯಾವುದು, ಊರು ಯಾವುದು ಎಂದು ವಿಚಾರಿಸಿ ಮುಗಿಸಿ ಕೇಳಿದರು, "ಎಕ್ಸ್‌ಪೋರ್ಟ್ ಮ್ಯಾನೇಜರ್ ಅಂತ ಕೇಳಿದ್ದೆ. ಅಲ್ವಾ?"

ಹೌದು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲ ಸಂದಿಯಲ್ಲಿ ಕಾಂತಿ ಉಸಿರು ಹಿಡಿದು ನಿಂತಿದ್ದಳು.

"ಅಲ್ಲ," ಎಂದ ಸುಧಾಕರ. "ಸುಳ್ಳು ಹೇಳಿ ಆ ಕೆಲಸ ಪಡೆದಿದ್ದೆ, ಹೋಯ್ತು. ಈಗ ಗೋದಾಮಿನಲ್ಲಿ ಡ್ರಮ್ಮು ನೋಡ್ತೇನೆ. ಜಪಾನಿನ ಕಾಗದ ಪತ್ರ ಎಲ್ಲ ನಿಮ್ಮ ಸೊಸೆಯದ್ದು. ನಾನು ಅವರ ಕೈಕೆಳಗೆ."

ಹೆಗ್ಡೆಯವರು ಎಲೆಯಡಿಕೆ ಉಗುಳಿ ಎದ್ದು ನಿಂತರು. "ಸುಳ್ಳ! ಅದೂ ಹೆಂಡತಿಯ ಕೈಕೆಳಗೆ ದುಡಿಯುವವ! ಎಷ್ಟು ಧೈರ್ಯ ಬೇಕು ಈ ಚಾವಡಿ ಹತ್ತಲಿಕ್ಕೆ..."

ಕಾಂತಿ ಹೊರಗೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. ಹುಬ್ಬು ಒಂದಕ್ಕೊಂದು ತಾಗಿದ್ದವು.

"ಮಾವ, ಇವರನ್ನು ನೀವು ಬೈಯಬೇಡಿ. ಆ ಸುಳ್ಳಿಗೆ ನನಗೆ ಇನ್ನೂ ಸಿಟ್ಟುಂಟು. ಇನ್ನು ಎಷ್ಟು ವರ್ಷ ಇರ್ತದೋ ಗೊತ್ತಿಲ್ಲ. ಅಷ್ಟು ವರ್ಷವೂ ಬೈಯುದು ನಾನೇ. ಅದಕ್ಕೇ ಮದುವೆಯಾಗುದು."

ಹೆಗ್ಡೆಯವರು ಸೊಸೆಯನ್ನು ನೋಡಿದರು, ಹುಡುಗನ ಸುಲಿದ ಕೈಗಳನ್ನು ನೋಡಿದರು, ಮತ್ತೆ ಮೆಲ್ಲನೆ ಕೂತರು. ಒಳಗಿನಿಂದ ಪೂವಮ್ಮ, "ಹಾಗಾದ್ರೆ ಎಲ್ಲರೂ ಊಟಕ್ಕೆ ಬನ್ನಿ, ಎಲೆ ಹಾಕಿಯಾಯ್ತು," ಎಂದು ಕೂಗಿದಳು.